ರೋಗಿಗಳಿಗೆ ಸರದಿಯಲ್ಲಿ ಕೊಡುವ ಟ್ಯಾಬ್‌ಗಳು: ದೋಷ ನಿವಾರಣೆ ಕೈಪಿಡಿ

ವಾರ್ಡಿನ ಟ್ಯಾಬ್ ಇವತ್ತು ಮೂಳೆ ಮುರಿದುಕೊಂಡ ಹುಡುಗನ ಹತ್ತಿರ ಇರುತ್ತದೆ, ನಾಳೆ ಡಯಾಲಿಸಿಸ್‌ಗೆ ಬಂದ ಅಜ್ಜಿಯ ಹತ್ತಿರ. ನಡುವೆ ಅದನ್ನು ಒರೆಸುತ್ತಾರೆ, ರೀಸೆಟ್ ಮಾಡುತ್ತಾರೆ, ಚಾರ್ಜಿಗೆ ಹಾಕುತ್ತಾರೆ, ಮತ್ತೆ ನೆಟ್‌ವರ್ಕಿಗೆ ಸೇರಿಸುತ್ತಾರೆ. ದೂರುಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ನಡುವಿನ ಹೊತ್ತಿನಲ್ಲೇ. ಆದ್ದರಿಂದ "ಟ್ಯಾಬ್ ವರ್ಕ್ ಆಗ್ತಿಲ್ಲ" ಎಂದು ವಾರ್ಡಿನಿಂದ ಫೋನ್ ಬಂದ ಕೂಡಲೇ ಕೇಳಬೇಕಾದ ಮಾತು ಇದು: ಸಿಸ್ಟರ್, ಹಿಂದಿನ ಪೇಷಂಟ್ ಡಿಸ್ಚಾರ್ಜ್ ಆದ ಮೇಲೆ ಈ ಟ್ಯಾಬಿಗೆ ಏನೇನು ಮಾಡಿದ್ರಿ?

ಇಲ್ಲಿರುವ ವಿವರಗಳು ಮುಖ್ಯವಾಗಿ ಸಿಮ್ ಇಲ್ಲದ, ವೈಫೈ ಮಾತ್ರ ಇರುವ ಆಂಡ್ರಾಯ್ಡ್ ಟ್ಯಾಬ್‌ಗಳಿಗೆ ಅನ್ವಯಿಸುತ್ತವೆ. ಐಪ್ಯಾಡ್‌ನಲ್ಲಿ ಬೇರೆ ರೀತಿ ಇದ್ದಲ್ಲಿ ಅಲ್ಲಲ್ಲೇ ಹೇಳಿದೆ. ಎಲ್ಲ ಟ್ಯಾಬ್‌ಗಳನ್ನೂ ಒಂದೇ ಕಡೆಯಿಂದ ನಿರ್ವಹಿಸುವ ಎಂಡಿಎಂ ಸಾಫ್ಟ್‌ವೇರ್ ಇದೆ ಎಂದುಕೊಂಡಿದ್ದೇವೆ. ಅದಿಲ್ಲದೆ ಹತ್ತಕ್ಕಿಂತ ಹೆಚ್ಚು ಟ್ಯಾಬ್ ಸಂಭಾಳಿಸಲು ಹೊರಡಬೇಡಿ. ಒಂದೊಂದನ್ನೇ ಕೈಯಲ್ಲಿ ಸೆಟ್ ಮಾಡುತ್ತ ಕೂತರೆ ವಾರ ಕಳೆಯುವಷ್ಟರಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ.

ಕೈ ಹಾಕುವ ಮೊದಲು

ಕೆಟ್ಟಿರುವುದು ಒಂದೇ ಟ್ಯಾಬೋ, ವಾರ್ಡಿನವೆಲ್ಲವೋ, ಇಡೀ ಆಸ್ಪತ್ರೆಯವೋ ಕೇಳಿ. ಒಂದೇ ಆಗಿದ್ದರೆ ದೋಷ ಆ ಟ್ಯಾಬಿನಲ್ಲಿ, ಅದರ ಚಾರ್ಜರಿನಲ್ಲಿ ಅಥವಾ ಎಂಡಿಎಂನಲ್ಲಿ ಅದರ ನೋಂದಣಿಯಲ್ಲಿ. ಒಂದು ವಾರ್ಡಿನವೆಲ್ಲ ಆಗಿದ್ದರೆ ಅಲ್ಲಿನ ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಕೊಡುವ ಪೆಟ್ಟಿಗೆ) ನೋಡಿ. ಎಲ್ಲ ವಾರ್ಡಿನವೂ ಒಂದೇ ಬೆಳಿಗ್ಗೆ ಕೈಕೊಟ್ಟರೆ ಮೂರರಲ್ಲಿ ಒಂದು ನಡೆದಿರುತ್ತದೆ: ಯಾವುದೋ ಸರ್ಟಿಫಿಕೇಟಿನ (ಟ್ಯಾಬ್ ಅಥವಾ ಸರ್ವರಿನ ಗುರುತನ್ನು ಖಚಿತಪಡಿಸುವ ಡಿಜಿಟಲ್ ಪತ್ರ) ಅವಧಿ ಮುಗಿದಿದೆ, ಫೈರ್‌ವಾಲ್ (ಯಾವ ಸಂಪರ್ಕ ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ನೋಡುವ ಕಾವಲು) ನಿಯಮ ಬದಲಾಗಿದೆ, ಇಲ್ಲವೇ ರಾತ್ರಿ ಒಂದು ಅಪ್‌ಡೇಟ್ ಬಂದು ಕೂತಿದೆ. ಮೂರನೆಯದನ್ನು ಹಗುರವಾಗಿ ಕಾಣಬೇಡಿ. 2021ರ ಮಾರ್ಚ್‌ನಲ್ಲಿ ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂನ (ಆ್ಯಪ್ ಒಳಗೆ ವೆಬ್ ಪುಟ ತೋರಿಸುವ ಭಾಗ) ಒಂದು ಕೆಟ್ಟ ಅಪ್‌ಡೇಟಿನಿಂದ ಜಗತ್ತಿನೆಲ್ಲೆಡೆ ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಕೊಂಡವು. ರೋಗಿಗೆ ಕಾಣುವ ಮುಖಪುಟ ಎಷ್ಟೋ ಕಡೆ ಇದೇ ವೆಬ್‌ವ್ಯೂ ಮೇಲೆ ಓಡುವ ವೆಬ್ ಪುಟ. ಟ್ಯಾಬಿನ ಹಾರ್ಡ್‌ವೇರ್ ಗಟ್ಟಿಯಾಗಿದ್ದರೂ ತೆರೆ ಬೆಳ್ಳಗಾಗುವುದು ಹೀಗೆ.

ಆಮೇಲೆ ಐದು ವಿಷಯ ಬರೆದುಕೊಳ್ಳಿ: ಟ್ಯಾಬಿನ ಬೆನ್ನ ಮೇಲಿನ ನಂಬರು, ಬ್ಯಾಟರಿ ಎಷ್ಟು ಶೇಕಡಾ, ತೆರೆಯ ಮೇಲೆ ಕಾಣುವ ದಿನಾಂಕ ಮತ್ತು ಸಮಯ, ಸೇರಿಕೊಂಡಿರುವ ವೈಫೈ ಹೆಸರು, ಐಪಿ ವಿಳಾಸ (ನೆಟ್‌ವರ್ಕ್ ಟ್ಯಾಬಿಗೆ ಕೊಡುವ ಸಂಖ್ಯೆ). ಇವನ್ನು ಕೇಳದೆ ನೇರ ರೀಸ್ಟಾರ್ಟ್ ಮಾಡಿಸಿದರೆ ಸುಳಿವು ಅಳಿಸಿಹೋಗುತ್ತದೆ, ದೋಷ ಮಾತ್ರ ಸಂಜೆಗೆ ವಾಪಸ್ ಬರುತ್ತದೆ.

ರೋಗಿಯ ಹಾಸಿಗೆ ಪಕ್ಕ ನಿಂತು ರಿಪೇರಿ ಮಾಡಬೇಡಿ. ಎರಡು ನಿಮಿಷದಲ್ಲಿ ಸರಿಹೋಗದಿದ್ದರೆ ಬದಲಿ ಟ್ಯಾಬ್ ಕೊಟ್ಟು ಕೆಟ್ಟದ್ದನ್ನು ತೆಗೆದುಕೊಂಡು ಬನ್ನಿ. 20 ಟ್ಯಾಬ್ ಇರುವ ಕಡೆ 3ನ್ನು ಸಿದ್ಧವಾಗಿ, ಚಾರ್ಜ್ ಆಗಿ, ಸ್ವಚ್ಛವಾಗಿ ತೆಗೆದಿರಿಸಿದರೆ ಇದು ಸಾಧ್ಯ. ಐಸಿಯುನಲ್ಲಿ ಮಲಗಿದ ಎಷ್ಟೋ ಜನರಿಗೆ ಮನೆಯವರ ಮುಖ ಕಾಣುವುದು ಟ್ಯಾಬಿನ ವಿಡಿಯೊ ಕರೆಯಲ್ಲಿ ಮಾತ್ರ. ನಮ್ಮ ತಾಂತ್ರಿಕ ಕುತೂಹಲಕ್ಕಾಗಿ ಅದನ್ನು ಕಾಯಿಸಬಾರದು.

ವೈಫೈ ಚಿಹ್ನೆ ಇದೆ, ಇಂಟರ್‌ನೆಟ್ ಇಲ್ಲ

ಅತಿ ಹೆಚ್ಚು ಬರುವ ದೂರು ಇದು. ಕಾರಣಗಳು ನಾಲ್ಕೈದು, ಪ್ರತಿಯೊಂದರ ಗುರುತೂ ಬೇರೆ.

ಮೊದಲು ಸುಲಭದ್ದು. ಟ್ಯಾಬ್ ಆಸ್ಪತ್ರೆಯ ಗೆಸ್ಟ್ ವೈಫೈಗೆ ಸೇರಿಕೊಂಡು, ಮೊಬೈಲ್ ನಂಬರ್ ಮತ್ತು ಓಟಿಪಿ ಕೇಳುವ ಪುಟದಲ್ಲಿ ನಿಂತಿರುತ್ತದೆ. ಟ್ಯಾಬಿನಲ್ಲಿ ಸಿಮ್ ಇಲ್ಲ, ಓಟಿಪಿ ಬರುವುದೆಲ್ಲಿಗೆ? ಆಗ ಡ್ಯೂಟಿಯಲ್ಲಿರುವ ಸಿಸ್ಟರ್ ಪಾಪ ತಮ್ಮ ನಂಬರನ್ನೇ ಹಾಕುತ್ತಾರೆ. ಅಲ್ಲಿಂದಾಚೆ ಆ ಟ್ಯಾಬಿನಲ್ಲಿ ಯಾವ ರೋಗಿ ಏನು ನೋಡಿದರೂ ದಾಖಲೆಯಲ್ಲಿ ಬೀಳುವುದು ಅವರ ನಂಬರು. ಓಟಿಪಿ ಅವಧಿ ಮುಗಿದಾಗ ಬೇರೆ ಪಾಳಿಯವರು ಪರದಾಡುತ್ತಾರೆ. ಇದಕ್ಕೆ ಇರುವ ದಾರಿ ಒಂದೇ: ಟ್ಯಾಬ್‌ಗಳಿಗೆ ಪ್ರತ್ಯೇಕ ವೈಫೈ ಹೆಸರು, ಪ್ರತ್ಯೇಕ ವಿಎಲ್ಯಾನ್ (ಒಂದೇ ನೆಟ್‌ವರ್ಕಿನೊಳಗೆ ಬೇರ್ಪಡಿಸಿದ ಭಾಗ), ಓಟಿಪಿ ಪುಟವಿಲ್ಲ, ಪಾಸ್‌ವರ್ಡ್ ಎಂಡಿಎಂನಿಂದಲೇ ಇಳಿಯಬೇಕು, ಗೆಸ್ಟ್ ವೈಫೈ ಹೆಸರು ಟ್ಯಾಬಿನಲ್ಲಿ ಸೇವ್ ಆಗಿರಕೂಡದು. ಆಸ್ಪತ್ರೆಯ ಲ್ಯಾಬ್, ಬಿಲ್ಲಿಂಗ್, ಮಾನಿಟರ್‌ಗಳು ಇರುವ ನೆಟ್‌ವರ್ಕಿಗಂತೂ ಇವನ್ನು ಸೇರಿಸಲೇಬೇಡಿ.

ಎರಡನೆಯದು ಐಪಿ ವಿಳಾಸವೇ ಸಿಗದಿರುವುದು. ಐಪ್ಯಾಡ್‌ನಲ್ಲಿ ವಿಳಾಸ 169.254 ಎಂದು ಶುರುವಾಗಿರುತ್ತದೆ. ಆಂಡ್ರಾಯ್ಡ್ ಟ್ಯಾಬ್ "ಐಪಿ ವಿಳಾಸ ಪಡೆಯಲಾಗುತ್ತಿದೆ" ಎಂದು ತೋರಿಸಿ ಸೋತುಹೋಗುತ್ತದೆ. ಬೆಳಿಗ್ಗೆ ಸರಿಯಿದ್ದು, ನೋಡಲು ಬರುವವರ ಸಮಯದ ನಂತರ ಕೆಡುತ್ತಿದ್ದರೆ ಡಿಎಚ್‌ಸಿಪಿಯಲ್ಲಿ (ಉಪಕರಣಗಳಿಗೆ ಐಪಿ ವಿಳಾಸ ಹಂಚುವ ವ್ಯವಸ್ಥೆ) ವಿಳಾಸಗಳು ಖಾಲಿಯಾಗಿವೆ. ಸಾಮಾನ್ಯ ಸಬ್‌ನೆಟ್‌ನಲ್ಲಿ (ವಿಳಾಸಗಳ ಒಂದು ಗುಂಪು) ಬಳಸಲು ಸಿಗುವುದು 254 ವಿಳಾಸ, ಅದರಲ್ಲಿ ಗೇಟ್‌ವೇಗೆ (ಹೊರಗಿನ ನೆಟ್‌ವರ್ಕಿನ ಬಾಗಿಲು) ಒಂದು ಹೋಗುತ್ತದೆ. ವಿಂಡೋಸ್ ಸರ್ವರಿನ ಡಿಎಚ್‌ಸಿಪಿ ತಾನಾಗಿ ಇಡುವ ಲೀಸ್ ಅವಧಿ 8 ದಿನ. ಹತ್ತು ನಿಮಿಷ ಬಂದುಹೋದ ಫೋನೂ ಒಂದು ವಿಳಾಸವನ್ನು 8 ದಿನ ಹಿಡಿದಿಡುತ್ತದೆ. ಲೀಸ್ ಅವಧಿಯನ್ನು 2ರಿಂದ 4 ಗಂಟೆಗೆ ಇಳಿಸಿ. ಟ್ಯಾಬ್‌ಗಳ ವಿಎಲ್ಯಾನ್ ಬೇರೆ ಇದ್ದರೆ ಈ ಕಾಟ ಮೊದಲಿಗೇ ಇರುವುದಿಲ್ಲ.

ಮೂರನೆಯದನ್ನು ಹುಡುಕಲು ಜನ ದಿನಗಟ್ಟಲೆ ಒದ್ದಾಡುತ್ತಾರೆ. ಟ್ಯಾಬ್ ನಿನ್ನೆಯವರೆಗೆ ಚೆನ್ನಾಗಿತ್ತು, ರೀಸೆಟ್ ಮಾಡಿದ ಮೇಲೆ ವೈಫೈಗೆ ಸೇರುತ್ತಿಲ್ಲ, ಪಾಸ್‌ವರ್ಡ್ ಸರಿಯಿದೆ. ಆಸ್ಪತ್ರೆಯ ವೈಫೈ ಕಂಟ್ರೋಲರ್‌ನಲ್ಲಿ ಮ್ಯಾಕ್ ವಿಳಾಸದ (ಪ್ರತಿ ಉಪಕರಣದ ವೈಫೈ ಚಿಪ್‌ನ ಗುರುತು ಸಂಖ್ಯೆ) ಪಟ್ಟಿ ಇದ್ದು, ಪಟ್ಟಿಯಲ್ಲಿರುವ ಉಪಕರಣಕ್ಕಷ್ಟೇ ಪ್ರವೇಶ ಇರುತ್ತದೆ. ಆದರೆ ಆಂಡ್ರಾಯ್ಡ್ 10 ಮತ್ತು ಐಪ್ಯಾಡ್ಓಎಸ್ 14ರಿಂದ ಈಚೆಗೆ ಟ್ಯಾಬ್‌ಗಳು ನಿಜವಾದ ಮ್ಯಾಕ್ ವಿಳಾಸದ ಬದಲು ಪ್ರತಿ ವೈಫೈಗೂ ಒಂದು ಕಲ್ಪಿತ ವಿಳಾಸ ಹುಟ್ಟಿಸಿಕೊಳ್ಳುತ್ತವೆ. ರೀಸೆಟ್ ಮಾಡಿದರೆ ಅದು ಬದಲಾಗುತ್ತದೆ, ಪಟ್ಟಿಗೆ ಅದು ಅಪರಿಚಿತ. ಪತ್ತೆ ಹಚ್ಚುವುದು ಸುಲಭ: ಕಂಟ್ರೋಲರ್ ಲಾಗ್‌ನಲ್ಲಿ ಮ್ಯಾಕ್ ವಿಳಾಸದ ಎರಡನೇ ಅಕ್ಷರ ನೋಡಿ. ಅದು 2, 6, ಎ (A) ಅಥವಾ ಇ (E) ಆಗಿದ್ದರೆ ಕಲ್ಪಿತ ವಿಳಾಸ. ಎಂಡಿಎಂನ ವೈಫೈ ಪ್ರೊಫೈಲ್‌ನಲ್ಲಿ ಆ ಒಂದು ನೆಟ್‌ವರ್ಕಿಗೆ ಮಾತ್ರ ಈ ಸೌಲಭ್ಯ ಆಫ್ ಮಾಡಿ, ಬಾಕ್ಸ್ ಮೇಲಿರುವ ನಿಜವಾದ ಮ್ಯಾಕ್ ವಿಳಾಸವನ್ನು ಪಟ್ಟಿಗೆ ಸೇರಿಸಿ. ಇನ್ನೂ ಒಳ್ಳೆಯದೆಂದರೆ ಮ್ಯಾಕ್ ಪಟ್ಟಿಯನ್ನೇ ಬಿಟ್ಟು ಸರ್ಟಿಫಿಕೇಟ್ ಆಧಾರಿತ ಪ್ರವೇಶಕ್ಕೆ ಹೋಗುವುದು.

ಹಾಗೆ ಹೋದರೆ ನಾಲ್ಕನೆಯ ದೋಷಕ್ಕೂ ತಯಾರಿರಬೇಕು. ಶನಿವಾರ ಡ್ರಾಯರಿನೊಳಗೆ ಇಟ್ಟ ಟ್ಯಾಬ್ ಬ್ಯಾಟರಿ ಪೂರ್ತಿ ಖಾಲಿಯಾಗಿ ಸತ್ತಿರುತ್ತದೆ. ಸೋಮವಾರ ಚಾರ್ಜ್ ಮಾಡಿ ಆನ್ ಮಾಡಿದಾಗ ಕೆಲವು ಮಾಡೆಲ್‌ಗಳಲ್ಲಿ ಗಡಿಯಾರ ವರ್ಷಗಳಷ್ಟು ಹಿಂದೆ ಹೋಗಿರುತ್ತದೆ. ದಿನಾಂಕ ತಪ್ಪಿದ್ದರಿಂದ ಸರ್ಟಿಫಿಕೇಟ್ "ಇನ್ನೂ ಜಾರಿಗೆ ಬಂದಿಲ್ಲ" ಎನಿಸಿ ವೈಫೈ ಸೇರುವುದಿಲ್ಲ. ವೈಫೈ ಇಲ್ಲದ್ದರಿಂದ ಸರಿಯಾದ ಸಮಯ ತಿಳಿಯುವುದಿಲ್ಲ. ಸಿಮ್ ಇದ್ದಿದ್ದರೆ ಮೊಬೈಲ್ ಟವರ್ ಸಮಯ ಕೊಡುತ್ತಿತ್ತು, ಇಲ್ಲಿ ಅದೂ ಇಲ್ಲ. ಐದು ವಿಷಯಗಳಲ್ಲಿ ದಿನಾಂಕವನ್ನು ಬರೆದುಕೊಳ್ಳಿ ಎಂದದ್ದು ಇದಕ್ಕೇ. ಕೈಯಿಂದ ದಿನಾಂಕ ಸರಿಮಾಡಿ, ಸಮಯ ವಲಯ ಭಾರತದ್ದೇ ಇದೆಯೇ ನೋಡಿ, ಮತ್ತೆ ಸೇರಿಸಿ. ಎಂಡಿಎಂ ದಿನಾಂಕ ಬದಲಿಸುವುದನ್ನು ಲಾಕ್ ಮಾಡಿದ್ದರೆ, ಸರ್ಟಿಫಿಕೇಟ್ ಬೇಡದ ಒಂದು ಸೆಟಪ್ ವೈಫೈಯನ್ನು ಐಟಿ ಕೋಣೆಯಲ್ಲಿ ಮಾತ್ರ ಇಟ್ಟುಕೊಳ್ಳಿ. ಸಾಮಾನ್ಯ ಪಾಸ್‌ವರ್ಡ್ ವೈಫೈಯಲ್ಲಿ ಇದೇ ದೋಷ ಬೇರೆ ವೇಷದಲ್ಲಿ ಬರುತ್ತದೆ: ಸಂಪರ್ಕ ಇದೆ, ಆದರೆ ಪ್ರತಿ ವೆಬ್‌ಸೈಟೂ "ಸುರಕ್ಷಿತವಲ್ಲ" ಎನ್ನುತ್ತದೆ. ಫೈರ್‌ವಾಲ್‌ನಲ್ಲಿ ಯುಡಿಪಿ 123 ಪೋರ್ಟ್ (ಸಂಪರ್ಕ ಸಾಗುವ, ಸಂಖ್ಯೆಯಿರುವ ಬಾಗಿಲು; ಯುಡಿಪಿ, ಟಿಸಿಪಿ ಮಾಹಿತಿ ಸಾಗಿಸುವ ಎರಡು ವಿಧಾನ) ತೆರೆದಿದೆಯೇ ಪರೀಕ್ಷಿಸಿ. ಟ್ಯಾಬ್ ಸಮಯ ಕೇಳುವುದು ಆ ಪೋರ್ಟಿನಲ್ಲಿ.

ಇನ್ನು ಸಿಗ್ನಲ್. ಬೆಡ್ ಪಕ್ಕದಲ್ಲಿ ಅಳೆದಾಗ ಸಿಗ್ನಲ್ ಬಲ ಮೈನಸ್ 67 ಡಿಬಿಎಂಗಿಂತ ಕೆಳಗೆ (ಉದಾಹರಣೆಗೆ ಮೈನಸ್ 75ಕ್ಕೆ) ಬಿದ್ದರೆ ವಿಡಿಯೊ ಕರೆ ತುಂಡಾಗುತ್ತದೆ. ಕಾರಿಡಾರಿನಲ್ಲಿ ಅಳೆದು "ಫುಲ್ ಇದೆ" ಎನ್ನಬೇಡಿ. ಬಾಗಿಲು ಮುಚ್ಚಿ, ಪರದೆ ಎಳೆದು, ರೋಗಿಯ ದಿಂಬಿನ ಹತ್ತಿರ ಅಳೆಯಿರಿ. ಎಕ್ಸ್‌ರೇ ಕೋಣೆಯ ಪಕ್ಕದ ವಾರ್ಡುಗಳಲ್ಲಿ ಗೋಡೆಯೊಳಗಿನ ಸೀಸದ ಹಾಳೆ ಸಿಗ್ನಲನ್ನು ನುಂಗುತ್ತದೆ. ಪ್ಯಾಂಟ್ರಿ ಹತ್ತಿರದ ಬೆಡ್‌ಗಳಲ್ಲಿ ಊಟದ ಹೊತ್ತಿಗೆ ಮಾತ್ರ ಕೆಡುತ್ತಿದ್ದರೆ ಮೈಕ್ರೋವೇವ್ ಓವನ್ ವೈಫೈಯ 2.4 ಗಿಗಾಹರ್ಟ್ಸ್ ತರಂಗಕ್ಕೆ ತೊಂದರೆ ಕೊಡುತ್ತಿದೆ. ಟ್ಯಾಬ್‌ಗಳನ್ನು 5 ಗಿಗಾಹರ್ಟ್ಸ್‌ಗೇ ಕಟ್ಟಿಹಾಕಿ.

ರೀಸೆಟ್ ಮಾಡಿದ ಮೇಲೆ ಎದ್ದೇಳದ ಟ್ಯಾಬ್

ಡಿಸ್ಚಾರ್ಜ್ ಆದ ರೋಗಿಯ ಖಾತೆ, ಫೋಟೊ, ಚಾಟ್ ಎಲ್ಲ ಹೋಗಲೇಬೇಕು. ಅದಕ್ಕೆ ಪೂರ್ತಿ ರೀಸೆಟ್ ಮಾಡುವುದೇ ಖಚಿತ ದಾರಿ. ತಪ್ಪುವುದು ಮಾಡುವ ಕ್ರಮದಲ್ಲಿ. ಪವರ್ ಮತ್ತು ವಾಲ್ಯೂಮ್ ಬಟನ್ ಒತ್ತಿ ರಿಕವರಿ ಮೆನುವಿನಿಂದ ರೀಸೆಟ್ ಮಾಡಿದರೆ, ರೋಗಿ ತಮ್ಮ ಗೂಗಲ್ ಖಾತೆ ಹಾಕಿದ್ದ ಪಕ್ಷದಲ್ಲಿ, ಟ್ಯಾಬ್ ಎದ್ದ ಕೂಡಲೇ ಆ ಹಳೆಯ ಖಾತೆಯನ್ನು ಕೇಳುತ್ತದೆ. ಕಳ್ಳತನ ತಡೆಯುವ ಬೀಗ ಅದು. ರೋಗಿ ಊರಿಗೆ ಹೋಗಿಯಾಗಿದೆ. ಫೋನ್ ಮಾಡಿ ಪಾಸ್‌ವರ್ಡ್ ಕೇಳುವುದು ಸರಿಯಲ್ಲ, ಕೇಳಕೂಡದು. ಎಂಡಿಎಂನಲ್ಲಿ ಆಸ್ಪತ್ರೆಯ ಖಾತೆಯನ್ನೇ ಬೀಗ ತೆಗೆಯುವ ಖಾತೆಯಾಗಿ ಮೊದಲೇ ನಮೂದಿಸಿದ್ದರೆ ಅದರಿಂದ ತೆರೆಯಬಹುದು. ಇಲ್ಲದಿದ್ದರೆ ಖರೀದಿ ಬಿಲ್ ಹಿಡಿದು ಕಂಪನಿಯ ಸರ್ವಿಸ್ ಸೆಂಟರ್ ಬಾಗಿಲಿಗೇ ಹೋಗಬೇಕು. ಮುಂದೆ ಹೀಗಾಗದಿರಲು ಖಾತೆ ಸೇರಿಸುವ ಸೌಲಭ್ಯವನ್ನೇ ಎಂಡಿಎಂನಲ್ಲಿ ಬಂದ್ ಮಾಡಿ, ರೀಸೆಟ್ ಆಜ್ಞೆ ಎಂಡಿಎಂನಿಂದಲೇ ಹೋಗಲಿ.

ರೀಸೆಟ್ ಆದ ಟ್ಯಾಬನ್ನು ಮತ್ತೆ ನೋಂದಾಯಿಸಲು ಸ್ವಾಗತ ತೆರೆಯ ಮೇಲೆ ಒಂದೇ ಜಾಗದಲ್ಲಿ 6 ಸಲ ತಟ್ಟಿ, ಎಂಡಿಎಂ ಕೊಟ್ಟ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ. 6 ಸಲ ತಟ್ಟಿದರೂ ಕ್ಯಾಮೆರಾ ತೆರೆಯದಿದ್ದರೆ ಯಾರೋ ಆಗಲೇ "ಮುಂದೆ" ಒತ್ತಿ ಅರ್ಧ ಸೆಟಪ್ ಮಾಡಿದ್ದಾರೆ ಎಂದರ್ಥ, ಮತ್ತೆ ರೀಸೆಟ್ ಮಾಡಿ ಶುರುಮಾಡಿ. ಸ್ಕ್ಯಾನ್ ಆಗಿ ಮುಂದೆ ಹೋಗದೆ ನಿಂತರೆ ಕೋಡಿನೊಳಗೆ ಬರೆದಿರುವ ವೈಫೈ ಪಾಸ್‌ವರ್ಡ್ ಹಳೆಯದಾಗಿರಬಹುದು. ವೈಫೈ ಪಾಸ್‌ವರ್ಡ್ ಬದಲಿಸಿದ ದಿನವೇ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡನ್ನೂ ಬದಲಿಸಬೇಕು, ಇದನ್ನು ಎಲ್ಲರೂ ಮರೆಯುತ್ತಾರೆ. ಹಾಗೆ ನೋಡಿದರೆ ಆ ಕೋಡನ್ನು ಗೋಡೆಗೆ ಅಂಟಿಸುವುದೇ ತಪ್ಪು, ಪಾಸ್‌ವರ್ಡ್ ಅದರೊಳಗೇ ಇರುತ್ತದೆ. ನರ್ಸಿಂಗ್ ಸ್ಟೇಷನ್‌ನ ಬೀರುವಿನಲ್ಲಿಡಿ.

ಐಪ್ಯಾಡ್‌ಗಳನ್ನು ಆ್ಯಪಲ್ ಬಿಸಿನೆಸ್ ಮ್ಯಾನೇಜರ್ ಮೂಲಕ ಮೇಲ್ವಿಚಾರಣೆಗೆ ತಂದಿದ್ದರೆ ದಾರಿ ಸುಗಮ. ಐಪ್ಯಾಡ್ಓಎಸ್ 17ರಿಂದ "ರಿಟರ್ನ್ ಟು ಸರ್ವಿಸ್" ಎಂಬ ಆಜ್ಞೆಯಿದೆ. ಅಳಿಸಿ, ವೈಫೈ ಸೇರಿ, ಎಂಡಿಎಂಗೆ ನೋಂದಾಯಿಸಿಕೊಂಡು ಯಾರ ಕೈಯೂ ತಾಗದೆ ಮುಖಪುಟಕ್ಕೆ ಬರುತ್ತದೆ. ಅದು ಅರ್ಧದಲ್ಲಿ ನಿಂತರೆ ಆಜ್ಞೆಯ ಜೊತೆ ಕಳಿಸಿದ ವೈಫೈ ಪ್ರೊಫೈಲ್ ನೋಡಿ.

ರೀಸೆಟ್ ವಿಷಯದಲ್ಲಿ ಇನ್ನೊಂದು ಅಪಾಯವಿದೆ. ಟ್ಯಾಬ್ ಆಫ್ ಆಗಿದ್ದಾಗ ಎಂಡಿಎಂನಿಂದ ರೀಸೆಟ್ ಒತ್ತಿದರೆ ಆಜ್ಞೆ ಸಾಲಿನಲ್ಲಿ ಕಾಯುತ್ತ ಕೂರುತ್ತದೆ. ಆಯಾ ಬಂದು ಒರೆಸಿ, ಚಾರ್ಜ್ ಮಾಡಿ, ಹೊಸ ರೋಗಿಗೆ ಕೊಡುತ್ತಾರೆ. ಆ ರೋಗಿ ಆನ್ ಮಾಡಿ ಮಗನಿಗೆ ಕರೆ ಮಾಡಿ ಮಾತಾಡುತ್ತಿರುವಾಗಲೇ ಹಳೆಯ ಆಜ್ಞೆ ತಲುಪಿ ಟ್ಯಾಬ್ ಕಣ್ಣೆದುರೇ ಅಳಿಸಿಹೋಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಆ ಆಜ್ಞೆ ತಲುಪುವವರೆಗೆ ಹಿಂದಿನ ರೋಗಿಯ ಚಾಟ್ ಹೊಸಬರ ಕೈಯಲ್ಲಿತ್ತು. ಕೊಡುವ ಮುನ್ನ ಎಂಡಿಎಂ ಪರದೆಯಲ್ಲಿ ಆ ಟ್ಯಾಬಿನ ಹೆಸರಿನ ಮುಂದೆ ಬಾಕಿ ಆಜ್ಞೆ ಒಂದೂ ಇಲ್ಲ, ಕೊನೆಯ ಸಂಪರ್ಕ 15 ನಿಮಿಷದೊಳಗಿನದು ಎಂಬುದನ್ನು ನೋಡಿಯೇ ಕೊಡಿ.

ಪೂರ್ತಿ ರೀಸೆಟ್ ಬದಲು ಬರೀ ಆ್ಯಪ್ ಡೇಟಾ ಅಳಿಸುವ ಪದ್ಧತಿ ಇರುವ ಕಡೆ ಕೀಬೋರ್ಡ್ ಬಿಟ್ಟುಹೋಗುತ್ತದೆ. ಪರೀಕ್ಷೆ ಹೀಗೆ: ಯಾವುದಾದರೂ ಬರೆಯುವ ಜಾಗ ತೆರೆದು ಒಂದು ಅಕ್ಷರ ಒತ್ತಿ, ಕೀಬೋರ್ಡಿನ ಮೇಲಿನ ಪಟ್ಟಿಯಲ್ಲಿ ಬರುವ ಸಲಹೆಗಳನ್ನು ಓದಿ. ಹಿಂದಿನವರು ಟೈಪ್ ಮಾಡಿದ ಮನೆಯವರ ಹೆಸರು, ಊರಿನ ಹೆಸರು, ಕಾಯಿಲೆಯ ಹೆಸರು ಅಲ್ಲಿ ಸಾಲಾಗಿ ನಿಂತಿರುತ್ತವೆ. ಗ್ಯಾಲರಿ, ಡೌನ್‌ಲೋಡ್ ಫೋಲ್ಡರ್, ಬ್ರೌಸರಿನ ಆಟೋಫಿಲ್, ಜೋಡಿಸಿದ ಬ್ಲೂಟೂತ್ ಪಟ್ಟಿ, ಇವೂ ಹಾಗೆಯೇ ಉಳಿಯುವ ಜಾಗಗಳು.

ತೆರೆಯ ಮೇಲೆ ಬೇರೆ ರೋಗಿಯ ಹೆಸರು

ಟ್ಯಾಬಿನಲ್ಲಿ ಲ್ಯಾಬ್ ರಿಪೋರ್ಟ್, ಊಟದ ಪಟ್ಟಿ, ಔಷಧಿ ವಿವರ ತೋರಿಸುವ ವ್ಯವಸ್ಥೆ ಇದ್ದರೆ ಇದು ಎಲ್ಲಕ್ಕಿಂತ ಗಂಭೀರ ದೋಷ. ಕಂಡ ಕ್ಷಣವೇ ಟ್ಯಾಬನ್ನು ಹಿಂದಕ್ಕೆ ಪಡೆಯಿರಿ, ವಾರ್ಡ್ ಇನ್‌ಚಾರ್ಜ್‌ಗೆ ತಿಳಿಸಿ, ಆಮೇಲೆ ಕಾರಣ ಹುಡುಕಿ. ಸಕ್ಕರೆ ಕಾಯಿಲೆಯವರ ಊಟದ ಪಟ್ಟಿ ಪಕ್ಕದವರಿಗೆ ಹೋಗುವುದು ಬರೀ ಗೋಪ್ಯತೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಟ್ಯಾಬನ್ನು ಬೆಡ್ ನಂಬರಿಗೆ ಜೋಡಿಸಿರುವುದೇ ಸಾಮಾನ್ಯ ಕಾರಣ. ರೋಗಿಯನ್ನು 12ನೇ ಬೆಡ್‌ನಿಂದ 18ಕ್ಕೆ ಬದಲಿಸಿದಾಗ ಅವರು ಟ್ಯಾಬನ್ನು ಜೊತೆಗೇ ಒಯ್ಯುತ್ತಾರೆ, ಟ್ಯಾಬ್ ಮಾತ್ರ 12ಕ್ಕೆ ಬಂದ ಹೊಸಬರ ಮಾಹಿತಿ ತೋರಿಸುತ್ತದೆ. ಆಸ್ಪತ್ರೆಯ ಸಾಫ್ಟ್‌ವೇರ್ ಎಚ್‌ಎಲ್7 (ಆಸ್ಪತ್ರೆಯ ಸಾಫ್ಟ್‌ವೇರ್‌ಗಳು ಮಾಹಿತಿ ಹಂಚಿಕೊಳ್ಳುವ ಮಾದರಿ) ಸಂದೇಶ ಕಳಿಸುವಂಥದ್ದಾದರೆ ಲಾಗ್‌ನಲ್ಲಿ ಮೂರನ್ನು ಹುಡುಕಿ: ಅಡ್ಮಿಷನ್‌ಗೆ ಎ01, ವರ್ಗಾವಣೆಗೆ ಎ02, ಡಿಸ್ಚಾರ್ಜ್‌ಗೆ ಎ03. ಎ02 ಬಂದಿಲ್ಲವಾದರೆ ವಾರ್ಡಿನವರು ಕಂಪ್ಯೂಟರಿನಲ್ಲಿ ವರ್ಗಾವಣೆ ನಮೂದಿಸಿಲ್ಲ. ರಾತ್ರಿ ಪಾಳಿಯಲ್ಲಿ ಬೆಡ್ ಬದಲಿಸಿ ಬೆಳಿಗ್ಗೆ ನಮೂದಿಸುವುದು ಎಲ್ಲ ಕಡೆ ಇದ್ದದ್ದೇ. ಎ02 ಬಂದೂ ಟ್ಯಾಬ್ ಬದಲಾಗದಿದ್ದರೆ ಟ್ಯಾಬಿನ ಸರ್ವರ್ ಅದನ್ನು ನಿರ್ಲಕ್ಷಿಸುತ್ತಿದೆ. ಡಿಸ್ಚಾರ್ಜ್ ರದ್ದಾದಾಗ ಬರುವ ಎ13 ಸಂದೇಶವನ್ನೂ ಪರೀಕ್ಷಿಸಿ, ಅದನ್ನು ಪರಿಗಣಿಸದ ವ್ಯವಸ್ಥೆಗಳು ವಾರ್ಡಿನಲ್ಲೇ ಇರುವ ರೋಗಿಯ ಟ್ಯಾಬನ್ನು ಖಾಲಿ ಮಾಡಿಬಿಡುತ್ತವೆ. ಶಾಶ್ವತ ಪರಿಹಾರ: ಜೋಡಣೆ ಯುಎಚ್‌ಐಡಿಗೆ (ಆಸ್ಪತ್ರೆ ಪ್ರತಿ ರೋಗಿಗೆ ಕೊಡುವ ಗುರುತು ಸಂಖ್ಯೆ) ಆಗಬೇಕು, ಕೈಪಟ್ಟಿಯ ಬಾರ್‌ಕೋಡ್ ಸ್ಕ್ಯಾನ್ ಮಾಡಿಯೇ ಟ್ಯಾಬ್ ತೆರೆಯಬೇಕು.

ಚಾರ್ಜ್ ಏರುವುದಿಲ್ಲ, ಟಚ್ ತಾನೇ ಓಡುತ್ತದೆ

ರಾತ್ರಿಯಿಡೀ ಚಾರ್ಜಿಗಿದ್ದರೂ ಶೇಕಡಾ 40 ದಾಟಿಲ್ಲ ಎಂದರೆ ಮೊದಲು ಚಾರ್ಜರ್ ಮೇಲಿನ ಸಣ್ಣ ಅಕ್ಷರ ಓದಿ. 5 ವೋಲ್ಟ್ 1 ಆ್ಯಂಪ್ ಅಂದರೆ ಬರೀ 5 ವಾಟ್. 10 ಇಂಚಿನ ತೆರೆ ಪೂರ್ತಿ ಬೆಳಕಿನಲ್ಲಿ ವಿಡಿಯೊ ಓಡಿಸಿದರೆ ಹೆಚ್ಚುಕಡಿಮೆ ಅಷ್ಟೇ ತಿನ್ನುತ್ತದೆ, ಬ್ಯಾಟರಿಗೆ ಉಳಿಯುವುದಿಲ್ಲ. ಟ್ಯಾಬಿನ ಜೊತೆ ಬಂದ ಒಳ್ಳೆಯ ಚಾರ್ಜರ್ ಯಾರದೋ ಫೋನಿಗೆ ಹೋಗಿ, ಫೋನಿನದು ಇಲ್ಲಿಗೆ ಬಂದಿರುತ್ತದೆ. ಚಾರ್ಜರ್‌ಗೂ ಟ್ಯಾಬಿನದೇ ನಂಬರ್ ಅಂಟಿಸಿ. ಚಾರ್ಜರ್ ಸರಿಯಿದ್ದರೆ ಕೇಬಲ್ ಬದಲಿಸಿ ನೋಡಿ, ಆಮೇಲೆ ಟಾರ್ಚ್ ಹಿಡಿದು ಟ್ಯಾಬಿನ ಚಾರ್ಜಿಂಗ್ ಪೋರ್ಟಿನೊಳಗೆ ನೋಡಿ. ಹೊದಿಕೆಯ ನೂಲು, ಹತ್ತಿಯ ಎಳೆ ಒಳಗೆ ಒತ್ತಿಕೊಂಡು ಗಟ್ಟಿಯಾಗಿ ಕೂತಿರುತ್ತದೆ, ಕೇಬಲ್ ಅರ್ಧ ಮಿಲಿಮೀಟರ್ ಹೊರಗೇ ನಿಲ್ಲುತ್ತದೆ. ಟ್ಯಾಬ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಎತ್ತಿ ತೆಗೆಯಿರಿ. ವಾರ್ಡಿನಲ್ಲಿ ಸೂಜಿ ಸುಲಭವಾಗಿ ಸಿಗುತ್ತದೆಂದು ಅದನ್ನು ಬಳಸಬೇಡಿ, ಪಿನ್‌ಗಳು ಶಾರ್ಟ್ ಆಗುತ್ತವೆ.

ನೀರಿನ ಹನಿಯ ಚಿಹ್ನೆ ಬಂದು ಚಾರ್ಜ್ ನಿಂತರೆ ಪೋರ್ಟಿನಲ್ಲಿ ತೇವವಿದೆ. ತೊಟ್ಟಿಕ್ಕುವಷ್ಟು ಒದ್ದೆ ಬಟ್ಟೆಯಲ್ಲಿ ಒರೆಸಿದ ಫಲ. ಪೋರ್ಟ್ ಕೆಳಮುಖ ಮಾಡಿ ಗಾಳಿಯಾಡುವ ಕಡೆ ಇಡಿ, ಒಣಗಿದ ಮೇಲೆ ಚಿಹ್ನೆ ತಾನೇ ಹೋಗುತ್ತದೆ. ಹೇರ್ ಡ್ರೈಯರ್ ಬೇಡ.

ಟಚ್ ತಾನೇ ತಾನಾಗಿ ಒತ್ತಿಕೊಳ್ಳುವ ದೋಷಕ್ಕೆ ಎಷ್ಟೋ ಟ್ಯಾಬ್‌ಗಳ ತೆರೆಯನ್ನೇ ವೃಥಾ ಬದಲಿಸಿರುತ್ತಾರೆ. ಮಾಡಬೇಕಾದ ಪರೀಕ್ಷೆ ಹತ್ತು ಸೆಕೆಂಡಿನದು: ಚಾರ್ಜರ್ ಕೀಳಿ. ಕಿತ್ತ ಕೂಡಲೇ ಟಚ್ ನೆಟ್ಟಗಾದರೆ ದೋಷ ಚಾರ್ಜರಿನದು. ಎರಡು ಪಿನ್ನಿನ ಅಗ್ಗದ ಚಾರ್ಜರ್‌ನಲ್ಲಿ ಅರ್ತ್ ಇರುವುದಿಲ್ಲ, ಅದರಿಂದ ಸೋರುವ ವಿದ್ಯುತ್ತಿನ ಏರುಪೇರು ಟ್ಯಾಬಿನ ಮೈಗೆ ಬಂದು ಬೆರಳಿನ ಸ್ಪರ್ಶದ ಲೆಕ್ಕವನ್ನು ಕೆಡಿಸುತ್ತದೆ. ಲೋಹದ ಬೆನ್ನಿದ್ದರೆ ಮುಟ್ಟಿದಾಗ ಜುಮ್ಮೆನ್ನುವುದೂ ಇದರಿಂದಲೇ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಗುರುತಿರುವ, ತಯಾರಕರದೇ ಚಾರ್ಜರ್ ಕೊಡಿ. ಕಿತ್ತ ಮೇಲೂ ದೋಷ ಉಳಿದರೆ ತೆರೆಯನ್ನು ಸ್ವಲ್ಪ ಓರೆಯಾಗಿ ಹಿಡಿದು ಬೆಳಕಿನಲ್ಲಿ ನೋಡಿ. ಹ್ಯಾಂಡ್ ರಬ್‌ನಲ್ಲಿರುವ ಗ್ಲಿಸರಿನ್ ಬೆರಳಿನಿಂದ ಗಾಜಿಗೆ ಹತ್ತಿ ಮಬ್ಬಾದ ಪದರ ಕಟ್ಟಿರುತ್ತದೆ. ಅದರ ಮೇಲೆ ಡ್ರಿಪ್‌ನ ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ) ಹನಿ ಬಿದ್ದರೆ ಮುಗಿಯಿತು, ಅಂಟಿನ ಚುಕ್ಕೆ ಇದ್ದಲ್ಲಿ ಟಚ್ ಸತ್ತಿರುತ್ತದೆ. ಸ್ಕ್ರೀನ್ ಗಾರ್ಡ್ ಅಂಚೆದ್ದು ಕೆಳಗೆ ದ್ರವ ಇಳಿದಿದ್ದರೆ ಗಾರ್ಡ್ ಕಿತ್ತು ಪರೀಕ್ಷಿಸಿ.

ಚಾರ್ಜಿಂಗ್ ಟ್ರಾಲಿಯನ್ನು ಬೆಡ್ ತಲೆಯ ಬಳಿಯ ಯುಪಿಎಸ್ ಸಾಕೆಟ್‌ಗೆ ಹಾಕಬೇಡಿ, ಅವು ವೆಂಟಿಲೇಟರ್ ಮತ್ತು ಪಂಪ್‌ಗಳಿಗೆ ಮೀಸಲು. ಟ್ರಾಲಿಯ ಬಾಗಿಲು ಮುಚ್ಚಿ ಗಾಳಿಯಿಲ್ಲದ ಸ್ಟೋರಿನಲ್ಲಿಟ್ಟರೂ ತೊಂದರೆಯೇ. ಐಪ್ಯಾಡ್‌ಗೆ ಆ್ಯಪಲ್ ಹೇಳುವ ಸುತ್ತಲಿನ ಉಷ್ಣತೆಯ ಮಿತಿ 35 ಡಿಗ್ರಿ. ರಾಯಚೂರು, ಕಲಬುರಗಿಯ ಬೇಸಿಗೆ 40 ದಾಟುತ್ತದೆ, ಮುಚ್ಚಿದ ಟ್ರಾಲಿಯ ಒಳಗೆ ಇನ್ನೂ ಹೆಚ್ಚು. ಬಿಸಿಯಾದ ಟ್ಯಾಬ್ ತಾನೇ ಚಾರ್ಜ್ ನಿಲ್ಲಿಸುತ್ತದೆ, ಜನ ಅದನ್ನು ಬ್ಯಾಟರಿ ದೋಷ ಎನ್ನುತ್ತಾರೆ.

ವಿಡಿಯೊ ಕರೆ: ಮುಖ ಇದೆ, ಮಾತಿಲ್ಲ

ರಿಂಗ್ ಆಗಿ ಎತ್ತಿಕೊಂಡ ಮೇಲೆ ಚಿತ್ರವೂ ಇಲ್ಲ ಧ್ವನಿಯೂ ಇಲ್ಲವೆಂದರೆ ಫೈರ್‌ವಾಲ್ ಯುಡಿಪಿಯನ್ನು ತಡೆದಿದೆ. ಕರೆಯ ಸೂಚನೆ 443ನೇ ಪೋರ್ಟಿನಲ್ಲಿ ಹೋಗುತ್ತದೆ, ಚಿತ್ರ ಮತ್ತು ಧ್ವನಿ ಯುಡಿಪಿಯಲ್ಲಿ. ಗೂಗಲ್ ಮೀಟ್‌ಗೆ ಯುಡಿಪಿ 3478, ಜೂಮ್‌ಗೆ ಅದರ ಜೊತೆ 8801ರಿಂದ 8810 ತೆರೆಯಿರಿ.

ಚಿತ್ರ ಇದ್ದು ಧ್ವನಿ ಇಲ್ಲದಿದ್ದರೆ ಬ್ಲೂಟೂತ್ ನೋಡಿ. ಹಿಂದಿನ ರೋಗಿ ಜೋಡಿಸಿದ್ದ ಇಯರ್‌ಫೋನ್ ಇನ್ನೂ ಪಕ್ಕದ ಕೋಣೆಯಲ್ಲಿದ್ದರೆ ಧ್ವನಿ ಅಲ್ಲಿಗೆ ಹೋಗುತ್ತಿರುತ್ತದೆ. ಯಾರದೋ ಮನೆಯ ಮಾತು ಇನ್ಯಾರದೋ ಕಿವಿಯಲ್ಲಿ. ಹಂಚಿಕೆ ಟ್ಯಾಬ್‌ಗಳಲ್ಲಿ ಬ್ಲೂಟೂತ್ ಬಂದ್ ಇರಲಿ, ವೈರ್ ಇರುವ ಹೆಡ್‌ಫೋನ್ ಕೊಡಿ. ಹೊಸ ಟ್ಯಾಬ್ ಖರೀದಿಸುವಾಗ 3.5 ಮಿಲಿಮೀಟರ್ ಜಾಕ್ ಇದೆಯೇ ನೋಡಿಕೊಳ್ಳಿ. 9ನೇ ತಲೆಮಾರಿನ ಸಾಮಾನ್ಯ ಐಪ್ಯಾಡ್‌ನಲ್ಲಿ ಇತ್ತು, 10ನೆಯದರಲ್ಲಿ ಇಲ್ಲ. ನಮ್ಮ ಮಾತು ಅತ್ತ ಕೇಳುತ್ತಿಲ್ಲವೆಂದರೆ ಸಿಲಿಕಾನ್ ಕವರಿನ ಮೈಕ್ ತೂತು ಸರಿದಿದೆಯೇ ನೋಡಿ. ಕವರ್ ತೆಗೆದು ಪರೀಕ್ಷಿಸಲು ಅರ್ಧ ನಿಮಿಷ ಸಾಕು.

ಎಂಡಿಎಂ ಮಾತು ಕೇಳದ ಟ್ಯಾಬ್‌ಗಳು

ಇಂಟರ್‌ನೆಟ್ ಓಡುತ್ತಿದೆ, ಆದರೆ ಎಂಡಿಎಂನಿಂದ ಕಳಿಸಿದ್ದು ತಲುಪುತ್ತಿಲ್ಲ. ಆಂಡ್ರಾಯ್ಡ್‌ಗೆ ಟಿಸಿಪಿ 5228ರಿಂದ 5230, ಐಪ್ಯಾಡ್‌ಗೆ ಟಿಸಿಪಿ 5223 ತೆರೆದಿರಬೇಕು. ಫೈರ್‌ವಾಲ್ ಎಲ್ಲ ಸಂಪರ್ಕವನ್ನೂ ಬಿಚ್ಚಿ ನೋಡುವ ಹಾಗೆ ಹೊಂದಿಸಿದ್ದರೆ ಗೂಗಲ್ ಮತ್ತು ಆ್ಯಪಲ್ ಸೇವೆಗಳು ಅದನ್ನು ಒಪ್ಪದೆ ಕಡಿದುಕೊಳ್ಳುತ್ತವೆ, ಅವಕ್ಕೆ ವಿನಾಯಿತಿ ಕೊಡಿ.

ಐಪ್ಯಾಡ್‌ಗಳೆಲ್ಲ ಒಟ್ಟಿಗೇ ಮೌನವಾದರೆ ಆ್ಯಪಲ್‌ನ ಪುಶ್ ಸರ್ಟಿಫಿಕೇಟ್ (ಎಂಡಿಎಂ ಐಪ್ಯಾಡ್‌ಗಳನ್ನು ಸಂಪರ್ಕಿಸಲು ಬೇಕಾದ ಪತ್ರ) ಅವಧಿ ಮುಗಿದಿದೆ. ಅದರ ಆಯುಷ್ಯ ಒಂದು ವರ್ಷ. ನವೀಕರಿಸುವಾಗ ಮೊದಲು ಬಳಸಿದ ಆ್ಯಪಲ್ ಖಾತೆಯನ್ನೇ ಬಳಸಬೇಕು. ಬೇರೆ ಖಾತೆಯಿಂದ ಹೊಸದು ಪಡೆದರೆ ಪ್ರತಿ ಐಪ್ಯಾಡನ್ನೂ ಮತ್ತೆ ನೋಂದಾಯಿಸಬೇಕಾಗುತ್ತದೆ. ಕೆಲಸ ಬಿಟ್ಟುಹೋದ ಒಬ್ಬರ ಖಾಸಗಿ ಖಾತೆಯಲ್ಲಿ ಇದನ್ನು ಮಾಡಿಟ್ಟಿರುವ ಆಸ್ಪತ್ರೆಗಳು ಇವತ್ತೇ ಎಚ್ಚೆತ್ತುಕೊಳ್ಳಲಿ. ಅಪ್‌ಡೇಟ್‌ಗಳನ್ನು ಹಗಲು ಬರದಂತೆ ರಾತ್ರಿ 2ರಿಂದ 4ರ ನಡುವೆ ಇರಿಸಿ. ಆಂಡ್ರಾಯ್ಡ್ ಸಿಸ್ಟಮ್ ಅಪ್‌ಡೇಟನ್ನು 30 ದಿನದವರೆಗೆ, ಐಪ್ಯಾಡ್‌ನದನ್ನು 90 ದಿನದವರೆಗೆ ಮುಂದೂಡಬಹುದು. ಆ ಅವಧಿಯಲ್ಲಿ ಎರಡು ಟ್ಯಾಬ್‌ಗಳಲ್ಲಿ ಮಾತ್ರ ಹಾಕಿ ನೋಡಿ.

ರೋಗಿ ಆ್ಯಪಿನಿಂದ ಹೊರಬಂದು ಸೆಟ್ಟಿಂಗ್ಸ್‌ಗೆ ಹೋಗುತ್ತಿದ್ದರೆ ನೀವು ಬಳಸಿರುವುದು ಬರೀ ಸ್ಕ್ರೀನ್ ಪಿನ್ನಿಂಗ್ (ತೆರೆಯನ್ನು ಒಂದೇ ಆ್ಯಪಿನಲ್ಲಿ ಹಿಡಿದಿಡುವ ಸಾಮಾನ್ಯ ಸೌಲಭ್ಯ). ಎರಡು ಬಟನ್ ಒತ್ತಿ ಹಿಡಿದರೆ ಅದು ಬಿಚ್ಚಿಕೊಳ್ಳುತ್ತದೆ. ಎಂಡಿಎಂನ ಕಿಯೋಸ್ಕ್ ಮೋಡ್ ಹಾಕಿ. ಐಪ್ಯಾಡ್‌ನಲ್ಲಿ ಸಿಂಗಲ್ ಆ್ಯಪ್ ಮೋಡ್, ರೀಸ್ಟಾರ್ಟ್ ಆದರೂ ಅದು ಹಾಗೇ ಇರುತ್ತದೆ.

ಒರೆಸುವುದು, ಕೊಡುವುದು, ತೆಗೆದುಹಾಕುವುದು

ತೆರೆ ಮಬ್ಬಾಗಿದೆ, ಬೆರಳಚ್ಚು ಹೋಗುತ್ತಲೇ ಇಲ್ಲ ಎಂಬ ದೂರಿನ ಹಿಂದೆ ನೆಲ ಒರೆಸುವ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಇರುತ್ತದೆ. ಗಾಜಿನ ಮೇಲಿನ ಎಣ್ಣೆ ಹತ್ತದ ಲೇಪ ಅದರಿಂದ ಸುಲಿದುಹೋಗುತ್ತದೆ, ಮತ್ತೆ ಬರುವುದಿಲ್ಲ. ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೋಹಾಲ್ ವೈಪ್ ಬಳಸಿ. ಆಫ್ ಮಾಡಿ, ಕೇಬಲ್ ಕಿತ್ತು, ಕವರ್ ಬಿಚ್ಚಿ, ಕೊಳೆ ತೆಗೆದು, ಆಮೇಲೆ ವೈಪ್‌ನಿಂದ ಒರೆಸಿ, ಪ್ಯಾಕೆಟ್ ಮೇಲೆ ಬರೆದಷ್ಟು ಹೊತ್ತು ಒದ್ದೆಯಾಗಿರಲು ಬಿಡಿ. ಟ್ಯಾಬ್ ಮೇಲೆ ನೇರ ಸ್ಪ್ರೇ ಮಾಡಬೇಡಿ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ (ಭೇದಿ ತರುವ ಬ್ಯಾಕ್ಟೀರಿಯಾ) ಸೋಂಕಿನ ಕೋಣೆಯಲ್ಲಿ ಆಲ್ಕೋಹಾಲ್ ಸಾಲದು, ಅದರ ಬೀಜಕಣಗಳು ಅದಕ್ಕೆ ಸಾಯುವುದಿಲ್ಲ. ಅಲ್ಲಿಗೆ ಟ್ಯಾಬನ್ನು ಪಾರದರ್ಶಕ ಜಿಪ್ ಚೀಲದಲ್ಲಿ ಹಾಕಿ ಕೊಡಿ, ತೆಳು ಪ್ಲಾಸ್ಟಿಕ್ ಮೇಲೆ ಟಚ್ ಚೆನ್ನಾಗಿಯೇ ಓಡುತ್ತದೆ. ಸೋಂಕು ನಿಯಂತ್ರಣದವರು ಹೇಳಿದಂತೆ ಚೀಲವನ್ನು ಆಚೆ ಹಾಕಿ.

ಪೇಸ್‌ಮೇಕರ್ ಇರುವವರಿಗೆ ಅಯಸ್ಕಾಂತದ ಕವರ್ ಬೇಡ. ಟ್ಯಾಬನ್ನು ಎದೆಯಿಂದ ಕನಿಷ್ಠ 15 ಸೆಂಟಿಮೀಟರ್ ದೂರವಿಡಲು ಹೇಳಿ, ಎದೆಯ ಮೇಲಿಟ್ಟು ಮಲಗಬಾರದು. ಎಂಆರ್‌ಐ ಕೋಣೆಗೆ ಹೋಗುವ ಟ್ರಾಲಿಯಲ್ಲಿ ಹೊದಿಕೆಯ ಕೆಳಗೆ ಟ್ಯಾಬ್ ಉಳಿದಿಲ್ಲವೆಂದು ಕೈಯಾಡಿಸಿ ನೋಡಿ. ಕಾಣೆಯಾದ ಟ್ಯಾಬನ್ನು ಮೊದಲು ಹುಡುಕಬೇಕಾದ ಜಾಗವೂ ಹೊದಿಕೆಯೇ, ಬೆಡ್‌ಶೀಟ್ ಸುತ್ತಿ ಒಯ್ಯುವಾಗ ಲಾಂಡ್ರಿಗೆ ಹೋಗಿಬಿಡುತ್ತದೆ.

ಟ್ಯಾಬನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಮೂಲೆ ಒತ್ತಿದಾಗ ಅಲ್ಲಾಡಿದರೆ, ಅಥವಾ ಗಾಜಿನ ಒಂದು ಅಂಚು ಎದ್ದು ಉಗುರು ತೂರುವಷ್ಟು ಸಂದು ಬಿಟ್ಟಿದ್ದರೆ ಬ್ಯಾಟರಿ ಉಬ್ಬಿದೆ. ವರ್ಷಗಟ್ಟಲೆ ಶೇಕಡಾ 100ರಲ್ಲೇ ಚಾರ್ಜಿಗಿಟ್ಟ ಟ್ಯಾಬ್‌ಗಳಲ್ಲಿ ಇದು ಬೇಗ ಬರುತ್ತದೆ, ಸೆಟ್ಟಿಂಗ್‌ನಲ್ಲಿ 80 ಅಥವಾ 85ಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ ಹಾಕಿಡಿ. ಉಬ್ಬಿದ್ದನ್ನು ಒತ್ತಬೇಡಿ, ಚಾರ್ಜ್ ಮಾಡಬೇಡಿ, ಆಫ್ ಮಾಡಿ ಆಮ್ಲಜನಕದ ಲೈನಿನಿಂದ ದೂರ, ಸಿಮೆಂಟ್ ನೆಲದ ಮೇಲೆ ಇಡಿ. ಅದು ಹೋಗಬೇಕಾದ್ದು 2022ರ ಇ-ತ್ಯಾಜ್ಯ ನಿಯಮದಡಿ ನೋಂದಾಯಿತ ಮರುಬಳಕೆದಾರರಿಗೆ. ವಾರ್ಡಿನ ಹಳದಿ ಚೀಲಕ್ಕೆ ಯಾವ ಕಾರಣಕ್ಕೂ ಹಾಕಬೇಡಿ. ಆ ಚೀಲ ಸುಡುವ ಕುಲುಮೆಗೆ ಹೋಗುತ್ತದೆ, ಲಿಥಿಯಂ ಬ್ಯಾಟರಿ ಅಲ್ಲಿ ಸಿಡಿಯುತ್ತದೆ. ಕೊಡುವ ಮೊದಲು ಎಂಡಿಎಂನಿಂದ ಅದರ ಹೆಸರು ತೆಗೆಯಿರಿ, ರಿಜಿಸ್ಟರ್‌ನಲ್ಲಿ ನಂಬರ್ ಮತ್ತು ದಿನಾಂಕ ಬರೆದು ವಾರ್ಡ್ ಇನ್‌ಚಾರ್ಜ್ ಸಹಿ ಪಡೆಯಿರಿ.